ಶೇಡ್ ಕಾರ್ಡ್ ಪಕ್ಕಕ್ಕಿಡಿ, ಮೊದಲು ಕಿಟಕಿ ನೋಡಿ

ಪ್ರಶ್ನೆ: ಮೇಡಂ, ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಥರ್ಟಿ-ಫಾರ್ಟಿ ಸೈಟಿನ ಮನೆ. ಕೆಳಗಿನ ಹಾಲ್‌ಗೆ ಉತ್ತರಕ್ಕೆ ಒಂದೇ ಕಿಟಕಿ, ಅದರಾಚೆ ಮೂರಡಿಗೆ ಪಕ್ಕದ ಮನೆಯ ಗೋಡೆ. ಗೋಡೆಗೆ ತಿಳಿ ಬೂದು, ಸೀಲಿಂಗ್‌ಗೆ ಕಡು ನೀಲಿ ಹೊಡೆಸಬೇಕು ಅಂತ ನನ್ನಾಸೆ. ಪೇಂಟರ್ ಮಾತ್ರ ಸೀಲಿಂಗ್ ಬಿಳಿನೇ ಇರಬೇಕು ಅಂತ ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಈ ಹಾಲ್ ಮಟ್ಟಿಗೆ ಪೇಂಟರ್ ಮಾತೇ ಕೇಳಿ. ಹಾಗಂತ ಸೀಲಿಂಗ್ ಬಿಳಿಯೇ ಇರಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ. ಬಿಳಿ ಅಗ್ಗ, ಟಚಪ್ ಮಾಡುವುದು ಸುಲಭ, ಹಾಗಾಗಿ ರೂಢಿಯಾಗಿದೆ ಅಷ್ಟೆ.

ನಿಮ್ಮ ಹಾಲ್‌ನ ತೊಂದರೆ ಇರುವುದು ಬೆಳಕಿನಲ್ಲಿ. ಸೀಲಿಂಗ್‌ಗೆ ಬಿಸಿಲು ನೇರವಾಗಿ ತಾಗುವುದಿಲ್ಲ. ಕಿಟಕಿಯಿಂದ ಬಂದ ಬೆಳಕು ನೆಲಕ್ಕೋ ಗೋಡೆಗೋ ಬಿದ್ದು, ಅಲ್ಲಿಂದ ಪುಟಿದು ಮೇಲೆ ಹೋಗಬೇಕು. ಅದಕ್ಕೇ ಒಂದೇ ಡಬ್ಬದ ಬಣ್ಣ ಗೋಡೆಯಲ್ಲಿ ಒಂದು ತರಹ, ಸೀಲಿಂಗ್‌ನಲ್ಲಿ ಅದಕ್ಕಿಂತ ಗಾಢವಾಗಿ ಕಾಣುತ್ತದೆ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಬಿಸಿಲು ಬಿದ್ದಾಗ ತಲೆ ಎತ್ತಿ ನೋಡಿ, ಬಿಳಿ ಸೀಲಿಂಗ್‌ಗೂ ತೆಳುವಾಗಿ ಗುಲಾಬಿ ಬಳಿದ ಹಾಗಿರುತ್ತದೆ.

ಪಕ್ಕದ ಮನೆಯ ಗೋಡೆ ಯಾವ ಬಣ್ಣ ಅಂತ ನೀವು ಬರೆದೇ ಇಲ್ಲ. ನಿಮ್ಮ ಹಾಲ್‌ಗೆ ಬರುವ ಬೆಳಕಿನಲ್ಲಿ ಹೆಚ್ಚಿನದು ಅದಕ್ಕೆ ತಾಗಿಯೇ ಬರುವುದು, ಅಲ್ವಾ? ಅವರು ಹಸಿರು ಹೊಡೆಸಿದ್ದರೆ ನಿಮ್ಮ ಬೂದಿಗೂ ಹಸಿರು ಅಂಟುತ್ತದೆ. ಬಿಳಿಯಿದ್ದರೂ ಉತ್ತರದ ಬೆಳಕು ತಣ್ಣಗಿನದು, ಅದರಲ್ಲಿ ಬೂದು ನೀಲಿಗೆ ತಿರುಗಿ, ಮಧ್ಯಾಹ್ನ ಮೂರಕ್ಕೇ ಮೋಡ ಕವಿದಂತಾಗುತ್ತದೆ. ಆ ಹಾಲ್‌ನಲ್ಲಿ ನೀವು ಹಗಲೂ ಲೈಟ್ ಹಾಕಿಕೊಂಡೇ ಕೂರಬೇಕು.

ಗೋಡೆಗೆ ಚೂರೇ ಚೂರು ಹಳದಿ ಅಥವಾ ಕೆಂಪು ಬೆರೆತ ಆಫ್ ವೈಟ್ ತೆಗೆದುಕೊಳ್ಳಿ. ಕೆಲವು ಕಂಪನಿಗಳು ಪ್ರತಿ ಶೇಡ್ ಜೊತೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಡುತ್ತವೆ, ಅಂದರೆ ಆ ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ. 0 ಅಂದರೆ ಅಪ್ಪಟ ಕಪ್ಪು, 100 ಅಂದರೆ ಅಪ್ಪಟ ಬಿಳಿ. ನಿಮ್ಮಂಥ ಹಾಲ್‌ಗೆ 70ಕ್ಕಿಂತ ಕೆಳಗೆ ನಾನಂತೂ ಇಳಿಯುವುದಿಲ್ಲ. ಸೀಲಿಂಗ್‌ಗೆ ಅದೇ ಬಣ್ಣದ ಪಟ್ಟಿಯಲ್ಲಿ ಎಲ್ಲಕ್ಕಿಂತ ತಿಳಿಯಾದದ್ದು ಸಾಕು. ಬರೀ ಬಿಳಿಗಿಂತ ಅದು ಗೋಡೆಗೆ ಚೆನ್ನಾಗಿ ಹೊಂದುತ್ತದೆ, ಗೋಡೆ ಮುಗಿದು ಸೀಲಿಂಗ್ ಶುರುವಾಗುವ ಗೆರೆಯೂ ಎದ್ದು ಕಾಣುವುದಿಲ್ಲ. ಮ್ಯಾಟ್ ಫಿನಿಷ್ಷೇ ಕೇಳಿ. ಹೊಳಪಿನ ಪೇಂಟ್ ಹೊಡೆದರೆ ಸಂಜೆ ಗೋಡೆಯ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಪುಟ್ಟಿಯ ಉಬ್ಬು ತಗ್ಗೆಲ್ಲ ಲೆಕ್ಕ ಹಾಕಬಹುದು.

ಕಡು ನೀಲಿಯ ಆಸೆ ಬಿಡಬೇಕಾಗಿಲ್ಲ. ಮಲಗುವ ಕೋಣೆಯ ಸೀಲಿಂಗ್‌ಗೆ ಹೊಡೆಸಿ. ಅಲ್ಲಿ ನಾವಿರುವುದೇ ರಾತ್ರಿ, ಕತ್ತಲಾದರೆ ಒಳ್ಳೆಯದೇ. ಆದರೆ ಹತ್ತಡಿ ಎತ್ತರ ಇದ್ದರೆ ಮಾತ್ರ. ಫಾಲ್ಸ್ ಸೀಲಿಂಗ್ ಹಾಕಿಸಿ ಒಂಬತ್ತಕ್ಕೆ ಇಳಿಸಿದ್ದರೆ ಬೇಡ, ತಲೆ ಮೇಲೇ ಕೂತ ಹಾಗಾಗುತ್ತದೆ.

ಡಬ್ಬ ಕೊಳ್ಳುವ ಮುಂಚೆ ಇಷ್ಟು ಮಾಡಿ. ಸ್ಯಾಂಪಲ್‌ನ ಸಣ್ಣ ಡಬ್ಬಿ ತಂದು, ಎರಡಡಿ ಅಗಲದ ರಟ್ಟಿಗೆ ಮೊದಲು ಬಿಳಿ ಪ್ರೈಮರ್, ಒಣಗಿದ ಮೇಲೆ ಬಣ್ಣ ಎರಡು ಕೋಟ್ ಹೊಡೆಯಿರಿ. ಗೋಡೆಗೇ ಬಳಿಯಬೇಡಿ, ಸುತ್ತ ಇರುವ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಆ ರಟ್ಟನ್ನು ಕಿಟಕಿ ಪಕ್ಕ, ಎದುರು ಗೋಡೆಗೆ, ಟಿವಿ ಹಿಂದೆ ಒಂದೊಂದು ದಿನ ಅಂಟಿಸಿ. ಸೀಲಿಂಗ್‌ಗೆ ಆರಿಸಿದ್ದನ್ನು ಸ್ಟೂಲ್ ಹತ್ತಿ ಸೀಲಿಂಗ್‌ಗೇ ಅಂಟಿಸಿ, ರಟ್ಟನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ನೋಡಿದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ರಾತ್ರಿ ಲೈಟ್ ಹಾಕಿ ನೋಡಿ. ನಾನೇ ಒಮ್ಮೆ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಕೆನೆ ಬಣ್ಣ ಅಂತ ಆರಿಸಿ ಮನೆಗೆ ಹೊಡೆಸಿದ್ದೆ. ನಮ್ಮ ಮನೆಯದು ಹಳದಿ ಬಲ್ಬು. ಸಂಜೆ ಬಂದ ಅತ್ತೆ ಕೇಳಿದ್ದು ಒಂದೇ ಮಾತು: "ಏನಮ್ಮಾ, ಅರಿಶಿನದ ನೀರು ಎರಚಿದ್ದೀರಾ?" ಬಲ್ಬಿನ ಡಬ್ಬದ ಮೇಲೆ 3000 ಕೆ ಅಂತಿದ್ದರೆ ಹಳದಿ ಬೆಳಕು, 6500 ಕೆ ಅಂತಿದ್ದರೆ ನೀಲಿ ಮಿಶ್ರಿತ ಬಿಳಿ. ಬಣ್ಣಕ್ಕಿಂತ ಮೊದಲು ಬಲ್ಬ್ ಯಾವುದು ಅಂತ ತೀರ್ಮಾನಿಸಿಕೊಳ್ಳಿ.

ಪ್ರಶ್ನೆ: ಸಾಗರದಲ್ಲಿ ನಮ್ಮ ಆರ್‌ಸಿಸಿ ಮನೆ. ಪ್ರತಿ ಮಳೆಗಾಲದಲ್ಲೂ ಸೀಲಿಂಗ್‌ನಲ್ಲಿ ಹಳದಿ ಉಂಗುರದ ಕಲೆ ಏಳುತ್ತದೆ. ಎರಡು ಸಲ ಪೇಂಟ್ ಮಾಡಿಸಿದರೂ ಮತ್ತೆ ಬಂತು. ಕಲೆ ಕಾಣದ ಬಣ್ಣ ಯಾವುದು?

ಉತ್ತರ: ಅಂಥ ಬಣ್ಣ ಇಲ್ಲ, ನಿಮ್ಮ ದುಡ್ಡು ಸುಮ್ನೆ ಹೋಗಿದೆ. ನೀರು ಸ್ಲ್ಯಾಬ್ ಒಳಗಿನಿಂದ ಇಳಿಯುತ್ತಾ ಅಲ್ಲಿದ್ದ ಕೊಳೆ, ಉಪ್ಪನ್ನೆಲ್ಲ ಹೊತ್ತು ತರುತ್ತದೆ, ನೀರು ಆರಿದ ಮೇಲೆ ಅಂಚಿನಲ್ಲಿ ಉಳಿಯುವುದೇ ಆ ಉಂಗುರ. ಗೋಡೆಗೆ ಹೊಡೆಯುವ ಎಮಲ್ಷನ್ ಪೇಂಟ್‌ನಲ್ಲೂ ನೀರಿರುವುದರಿಂದ ಹೊಡೆದ ಕೂಡಲೇ ಹಳೇ ಕಲೆ ಕರಗಿ ಹೊಸ ಕೋಟ್‌ನೊಳಗಿಂದ ಹಣಕುತ್ತದೆ. ಮೊದಲು ತಾರಸಿಗೆ ಹೋಗಿ, ಬಿರುಕು ಎಲ್ಲಿದೆ, ನೀರು ಎಲ್ಲಿ ನಿಲ್ಲುತ್ತದೆ ನೋಡಿ ವಾಟರ್‌ಪ್ರೂಫಿಂಗ್ ಮಾಡಿಸಿ. ಒಳಗಿನ ಕೆಲಸ ಬೇಸಿಗೆಗೆ ಇಟ್ಟುಕೊಳ್ಳಿ. ಒಣಗಿದೆಯಾ ಅಂತ ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಕಲೆಯ ಮೇಲೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಒಣಗಿದ್ದರೆ ಚಕ್ಕೆ ಕೆರೆದು, ಕಲೆ ತಡೆಯುವ ಆಯಿಲ್ ಪ್ರೈಮರ್ ಹೊಡೆದು, ಆಮೇಲೆ ಪೇಂಟ್.

ಪ್ರಶ್ನೆ: ಹಾಲ್‌ನ ಒಂದು ಗೋಡೆ ಮೆರೂನ್ ಇದೆ. ಆಫ್ ವೈಟ್ ಮಾಡಬೇಕು. ಎರಡು ಕೋಟ್ ಸಾಕಾ?

ಉತ್ತರ: ಸಾಲದು, ಒಣಗಿದ ಮೇಲೆ ಕೆಂಪು ಇಣುಕುತ್ತದೆ. ಸ್ಯಾಂಡ್ ಪೇಪರ್ ಉಜ್ಜಿ, ಬಿಳಿ ಪ್ರೈಮರ್ ಒಂದು ಕೋಟ್ ಕೊಡಿ, ಬೇಕಾದರೆ ಎರಡು. ಪೇಂಟ್‌ಗಿಂತ ಪ್ರೈಮರ್ ಅಗ್ಗ. ಅಂದಹಾಗೆ ಇಡೀ ಗೋಡೆಗೆ ಬೇಕಾದಷ್ಟು ಬಣ್ಣವನ್ನು ಒಂದೇ ಸಲ ಮಿಕ್ಸ್ ಮಾಡಿಸಿ. ಮುಚ್ಚಳದ ಮೇಲಿನ ಶೇಡ್ ಕೋಡ್‌ನ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಮುಂದೆ ಟಚಪ್‌ಗೆ ಬೇಕಾಗುತ್ತದೆ.