ಹಳೆ ಟೈಲ್ ಕಟ್ಟೆಗೆ ಬಣ್ಣ ಹೊಡೆದು ಗ್ರಾನೈಟ್ ತರಹ ಮಾಡಬಹುದಾ?

ಅಮೆರಿಕದಲ್ಲಿ 1980ರ ದಶಕದ ಮನೆ ತಗೊಂಡಿದ್ದೀರಿ, ಅಡುಗೆಮನೆ ಕಟ್ಟೆಗೆ ಕೆನೆಬಣ್ಣದ ಸಣ್ಣ ಟೈಲ್ ಇದೆ, ಕಲ್ಲು ಹಾಕಿಸಲು ಸದ್ಯಕ್ಕೆ ದುಡ್ಡಿಲ್ಲ, ಗ್ರಾನೈಟ್ ಬಣ್ಣದ ಕಿಟ್ ತಂದರೆ ಸಾಕಾ ಅಂತ ಕೇಳಿದ್ದೀರಿ. ಮಾಡಬಹುದು. ನಮ್ಮ ಮನೆಯಲ್ಲೂ ಅಂಥದೇ ಕಟ್ಟೆ ಇತ್ತು, ನಾನೇ ಮಾಡಿದ್ದೇನೆ. ಆದರೆ ಬರೀ ಕಿಟ್ ಸಾಲದು. ಟೈಲ್ ಮೇಲೆ ಹಾಗೇ ಬಳಿದರೆ ಬಣ್ಣ ಗ್ರಾನೈಟಿನದು, ಚೌಕ ಚೌಕ ಗೆರೆ ಟೈಲಿನದು. ಯಾರೂ ಮೋಸ ಹೋಗುವುದಿಲ್ಲ.

ಮೊದಲು ಒಂದೊಂದೇ ಟೈಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಸಿಂಕ್ ಸುತ್ತ ಟೊಳ್ಳು ಸದ್ದು ಬಂದರೆ, ಟೈಲ್ ಸಂದಿಗೆ ತುಂಬಿದ ಗ್ರೌಟ್ ಉದುರುತ್ತಿದ್ದರೆ, ಕೆಳಗಿನ ಪ್ಲೈವುಡ್‌ಗೆ ನೀರು ಇಳಿದಿರಬಹುದು. ಅಂಥ ಕಟ್ಟೆಗೆ ಬಣ್ಣ ದಂಡ, ಕಿತ್ತು ಹಾಕುವುದೇ ಸರಿ.

ಗಟ್ಟಿಯಾಗಿದ್ದರೆ ಜಿಡ್ಡು ತೆಗೆಯಿರಿ. ನಮ್ಮ ಒಗ್ಗರಣೆ ಜಿಡ್ಡು ಸಾಮಾನ್ಯ ಸೋಪಿಗೆ ಬಗ್ಗುವುದಿಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಟಿಎಸ್‌ಪಿ (ಟ್ರೈಸೋಡಿಯಂ ಫಾಸ್ಫೇಟ್ ಎಂಬ ಖಾರವಾದ ಕ್ಲೀನರ್) ಬೇಕು. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಅಂಚಿಗೆ ರಬ್ಬರಿನಂಥ ಸಿಲಿಕೋನ್ ಹಾಕಿದ್ದರೆ ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಏನೂ ಅಂಟುವುದಿಲ್ಲ. ಆಮೇಲೆ ಮಾಸ್ಕ್ ಹಾಕಿಕೊಂಡು, ಟೈಲಿನ ಹೊಳಪು ಸಾಯುವವರೆಗೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಬೇಕು. ಹಳೆ ಟೈಲಿನ ಗ್ಲೇಜ್‌ನಲ್ಲಿ (ಮೇಲಿನ ಹೊಳಪಿನ ಪದರದಲ್ಲಿ) ಸೀಸ ಇರುವುದುಂಟು. ಹಾಗಾಗಿ ಉಜ್ಜುವ ಮೊದಲು ಪರೀಕ್ಷೆ ಮಾಡಿಸಿ. ಸೀಸ ಇದ್ದರೆ ಉಜ್ಜಲು ಹೋಗಲೇಬೇಡಿ.

ನಿಜವಾದ ಕೆಲಸ ಸಂದು ಮುಚ್ಚುವುದು. ಟೈಲ್ ಮೇಲೆ ಹಿಡಿಯುವ ಸಿಮೆಂಟ್ ಪುಟ್ಟಿ ಸಿಗುತ್ತದೆ, ಆರ್ಡೆಕ್ಸ್ ಫೆದರ್ ಫಿನಿಶ್ ಥರದ್ದು. ಮೊದಲ ಸಲ ಸಂದಿಗೆ ಮಾತ್ರ ತುಂಬಿ. ಒಣಗಿದಾಗ ಅದು ಸ್ವಲ್ಪ ಕುಗ್ಗಬಹುದು. ಆಮೇಲೆ ಇಡೀ ಕಟ್ಟೆಗೆ ತೆಳ್ಳಗೆ ಎಳೆಯಿರಿ, ಉಜ್ಜಿ, ಮತ್ತೆ ಎಳೆಯಿರಿ. ಇಲ್ಲೂ ಧೂಳು ಬರುತ್ತದೆ, ಮಾಸ್ಕ್ ತೆಗೆಯಬೇಡಿ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಕಟ್ಟೆಗೆ ತಾಗಿಸಿ ಮಲಗಿಸಿ. ಹಗಲಲ್ಲಿ ಸಪಾಟಾಗಿ ಕಂಡ ಜಾಗದಲ್ಲೆಲ್ಲ ಗೆರೆಗಳ ನೆರಳು ಬೀಳುತ್ತದೆ. ಆ ನೆರಳು ಹೋಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಮೇಲೆ ಹೊಳಪು ಬಂದಾಗ ಸಣ್ಣ ತಗ್ಗೂ ಎದ್ದು ಕಾಣುತ್ತದೆ.

ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್, ನುಣುಪು ಮೇಲ್ಮೈಗೂ ಹಿಡಿಯುವ ಬಾಂಡಿಂಗ್ ಪ್ರೈಮರ್ರೇ ಆಗಿರಲಿ, ಗೋಡೆಯದು ಬೇಡ.

ಬಣ್ಣದ ಕೆಲಸ ಜನ ಹೆದರುವಷ್ಟು ಕಷ್ಟವಲ್ಲ. ಕಲ್ಲಿನ ಅಂಗಡಿಗೆ ಹೋಗಿ ಒಂದು ಸ್ಯಾಂಪಲ್ ತುಂಡು ತಂದು ಎದುರಿಗಿಟ್ಟುಕೊಳ್ಳಿ. ಗ್ರಾನೈಟ್‌ನಲ್ಲಿ ಬಿಳಿ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್ ಎಂಬ ಖನಿಜ, ಗಾಜಿನಂಥ ಬೂದು ಸ್ಫಟಿಕ, ಕಪ್ಪು ಚುಕ್ಕಿ ಸಾಮಾನ್ಯವಾಗಿ ಅಭ್ರಕ. ಬಣ್ಣ ಒತ್ತುವುದು ಸ್ಪಂಜಿನಲ್ಲಿ, ಅದಕ್ಕೂ ಆ ಮೂರು ಬಣ್ಣ ಸಾಕು. ಕಪ್ಪನ್ನು ಎಲ್ಲ ಕಡೆ ಸಮನಾಗಿ ಒತ್ತಬೇಡಿ, ಕಲ್ಲಿನಲ್ಲಿ ಅದು ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ ಅಲ್ವಾ? ಸ್ಪಂಜನ್ನು ಪ್ರತಿ ಸಲ ತಿರುಗಿಸುತ್ತಾ ಇರಿ, ಇಲ್ಲದಿದ್ದರೆ ಒಂದೇ ಗುರುತು ಸಾಲಾಗಿ ಬೀಳುತ್ತದೆ. ಬಿಳಿ ಮಾರ್ಬಲ್ ಥರ ನರ ಎಳೆಯುವ ಆಸೆ ಇದ್ದರೆ ಮೊದಲು ರಟ್ಟಿನ ಮೇಲೆ ಪ್ರಯತ್ನಿಸಿ. ನನ್ನ ಪ್ರಕಾರ ಅದು ಕೈಪಳಗಿದವರ ಕೆಲಸ, ಚುಕ್ಕಿಯೇ ಕ್ಷೇಮ.

ಕೊನೆಗೆ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿ ಮೇಲೆ ಹಾಕುವ ಹೊಳಪಿನ ಲೇಪ. ಡಬ್ಬಿ ಮೇಲಿರುವ ಅಳತೆಯನ್ನೇ ಪಾಲಿಸಿ, ಕಣ್ಣಂದಾಜು ಬೇಡ. ಅಳತೆ ತಪ್ಪಿದರೆ ಅಂಟಂಟಾಗಿಯೇ ಉಳಿಯುತ್ತದೆ. ಗಾಳಿ ಆಡಲಿ, ಮಕ್ಕಳು ಹತ್ತಿರ ಬರದಿರಲಿ. ಮರುದಿನ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ವಾರವೇ ಬೇಕಾಗಬಹುದು. ಅಲ್ಲಿಯವರೆಗೆ ಅಡುಗೆ ಎಲ್ಲಿ ಮಾಡುತ್ತೀರಿ ಅಂತ ಮೊದಲೇ ಯೋಚಿಸಿ.

ನಮ್ಮಂಥವರಿಗೆ ಇದರಲ್ಲಿ ಮುಖ್ಯ ತೊಂದರೆ, ಬಿಸಿ. ಕುಕ್ಕರ್ ಇಳಿಸಿ ಸುಮ್ನೆ ಕಟ್ಟೆ ಮೇಲಿಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಗುರುತು ಬೀಳುತ್ತದೆ. ಅರಿಶಿನ ಬಿದ್ದರೂ ತಕ್ಷಣ ಒರೆಸಬೇಕು. ಇದು ಜಾಸ್ತಿ ಕಿರಿಕಿರಿ ಅನ್ನಿಸಿದರೆ, ಅದೇ ಕಲ್ಲಿನ ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಕೇಳಿ, ಇಡೀ ಚಪ್ಪಡಿಗಿಂತ ಕಡಿಮೆಗೆ ಸಿಗುತ್ತವೆ. ಒಲೆ ಪಕ್ಕ ನಿಜವಾದ ಗ್ರಾನೈಟ್ ತುಂಡೊಂದನ್ನು ಇಟ್ಟುಕೊಂಡರೆ ಕುಕ್ಕರ್, ಬಾಣಲೆ ಇಳಿಸಲು ಜಾಗವಾಯಿತು.