ಕ್ಯಾಲಿಬ್ರೇಶನ್‌ನಲ್ಲಿ ಚೆನ್ನಾಗಿ ಹೊಂದುವ ಸೆನ್ಸರ್ ಮಾಡೆಲ್ ಹೊಸ ಸ್ಯಾಂಪಲ್‌ನಲ್ಲಿ ಏಕೆ ತಪ್ಪುತ್ತದೆ? ನ್ಯೂರಲ್ ನೆಟ್‌ವರ್ಕ್ ಕಲಿಯಲಾ, ಸಿಮ್ಯುಲೇಶನ್ ಕಲಿಯಲಾ?

ಗೊತ್ತಿರುವ ದ್ರಾವಣಗಳಲ್ಲಿ ಅಳೆದು ಸೆನ್ಸರ್ ಹೊಂದಿಸಿದಾಗ (ಅದೇ ಕ್ಯಾಲಿಬ್ರೇಶನ್) ಆರ್ ಸ್ಕ್ವೇರ್, ಅಂದರೆ ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1ಕ್ಕೆ 0.998 ಬಂತು, ಆದರೂ ಹೊಸ ಸ್ಯಾಂಪಲ್ ತಪ್ಪುತ್ತಿದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆಸಿಕೊಂಡು. ನನ್ನದು 0.9995 ಇತ್ತು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ.

ನೀವು ಮಾಡಿರುವುದು ನೈಟ್ರೇಟ್ ಸೆನ್ಸರ್, ನಾನು ಮಾಡಿದ್ದು ಪೊಟ್ಯಾಶಿಯಂ. ಲೋಹದ ತಂತಿಯ ತುದಿಗೆ ಪಿವಿಸಿ ಪೊರೆ ಹಚ್ಚುವ ಸರಳ ಎಲೆಕ್ಟ್ರೋಡ್. ಪೊರೆಯೊಳಗೆ ವ್ಯಾಲಿನೊಮೈಸಿನ್ ಇರುತ್ತದೆ. ಅದು ಪೊಟ್ಯಾಶಿಯಂ ಅಯಾನನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೋಡಿಯಂಗೆ ಹೆಚ್ಚುಕಡಿಮೆ ಬಾಗಿಲು ಹಾಕುತ್ತದೆ. ಎರಡರ ನಡುವೆ ಸುಮಾರು 10 ಸಾವಿರ ಪಟ್ಟು ವ್ಯತ್ಯಾಸ. ಮಾಡೆಲ್ ಅಂದರೆ ಸಾರತೆಗೂ ವೋಲ್ಟೇಜಿಗೂ ಇರುವ ಸಂಬಂಧ ಹೇಳುವ 1889ರ ನರ್ನ್ಸ್ಟ್ ಸಮೀಕರಣವೇ. 25 ಡಿಗ್ರಿಯಲ್ಲಿ ಸಾರತೆ ಹತ್ತು ಪಟ್ಟಾದರೆ ವೋಲ್ಟೇಜ್ 59.2 ಮಿಲಿವೋಲ್ಟ್ ಏರಬೇಕು; ಈ ಏರಿಕೆಯೇ ಸ್ಲೋಪ್. ಸೋಡಿಯಂ ತೊಂದರೆಗೆ ಒಂದು ನಿಕೋಲ್ಸ್ಕಿ ಪದ, ಬಿಸಿಗೆ ಒಂದು ತಿದ್ದುಪಡಿ, ಅಯಾನುಗಳ ಆಕ್ಟಿವಿಟಿಗೆ (ಎಲೆಕ್ಟ್ರೋಡಿಗೆ ನಿಜವಾಗಿ ತಟ್ಟುವ ಸಾರತೆಗೆ) ಇನ್ನೊಂದು. ಎಲ್ಲವನ್ನೂ ಶ್ರದ್ಧೆಯಿಂದ ಸೇರಿಸಿದ್ದೆ.

ಕ್ಯಾಲಿಬ್ರೇಶನ್‌ಗೆ ಐದು ದ್ರಾವಣ. 0.00001 ಮೋಲಾರ್‌ನಿಂದ ಶುರು, ಪ್ರತಿ ಸಲ ಹತ್ತು ಪಟ್ಟು, ಕೊನೆಗೆ 0.1. ಕಡಿಮೆಯಿಂದ ಜಾಸ್ತಿಗೆ ಹೋಗಬೇಕು ಅಂತ ನನಗೆ ಹೇಳಿಕೊಟ್ಟಿದ್ದರು. ಅದಕ್ಕೆ ಕಾರಣವೂ ಇದೆ: ಗಟ್ಟಿ ದ್ರಾವಣದ ಒಂದು ಹನಿ ತೆಳು ದ್ರಾವಣಕ್ಕೆ ಬಿದ್ದರೆ ಅದು ಕೆಟ್ಟುಹೋಗುತ್ತದೆ. ಬೀಕರುಗಳನ್ನು ಸಾಲಾಗಿ ಇಟ್ಟು, ಎಲೆಕ್ಟ್ರೋಡ್ ತೊಳೆದು, ಟಿಶ್ಯೂನಿಂದ ಒತ್ತಿ, ಮುಂದಿನದರಲ್ಲಿ ಅದ್ದುವುದು. ರೀಡಿಂಗ್ ನಿಲ್ಲಲಿ ಅಂತ ಪ್ರತಿಯೊಂದರಲ್ಲೂ 40 ನಿಮಿಷ ಕಾಯುತ್ತಿದ್ದೆ. ಸ್ಲೋಪ್ 59 ಬಂತು. ಪುಸ್ತಕದಲ್ಲಿರುವ ಅಂಕಿಯೇ! ಮನೆಯಲ್ಲಿ ಮಾಡಿದ ಎಲೆಕ್ಟ್ರೋಡ್ ಪುಸ್ತಕದ ಹಾಗೆ ನಡೆದರೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ಆಮೇಲೆ ಸ್ಯಾಂಪಲ್‌ಗಳು ಬಂದವು. ಬೆಳಿಗ್ಗೆ 0.001ರ ದ್ರಾವಣದಲ್ಲಿ ಒಂದು ಬಿಂದು ಸರಿಮಾಡಿಕೊಂಡು ಬೇಗ ಬೇಗ ಅಳೆಯುತ್ತಿದ್ದೆ. 0.1 ಇರುವುದನ್ನು ಸುಮಾರು 0.08 ಅನ್ನುತ್ತಿತ್ತು. 0.0001 ಇರುವುದನ್ನು 0.00011. ಜಾಸ್ತಿ ಇದ್ದದ್ದು ಕಡಿಮೆ, ಕಡಿಮೆ ಇದ್ದದ್ದು ಜಾಸ್ತಿ. ಸ್ಲೋಪ್ ತಪ್ಪಾಗಿದೆ ಅಂತ ಅದು ಕಿರುಚಿ ಹೇಳುತ್ತಿತ್ತು. ಆದರೆ 0.1 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್‌ಗೆ ಆಕ್ಟಿವಿಟಿ ಗುಣಾಂಕ 0.77 ಅನ್ನುವುದು ತಲೆಯಲ್ಲಿತ್ತು. 0.08 ನೋಡಿದ ಕೂಡಲೇ ತಿದ್ದುಪಡಿ ಎರಡು ಸಲ ಬಿದ್ದಿದೆ ಅಂದುಕೊಂಡೆ. ಎರಡು ವಾರ ಕೋಡ್ ಹುಡುಕಿದೆ. ಕೋಡ್ ಸರಿಯಾಗಿಯೇ ಇತ್ತು.

ವಿಷಯ ಗೊತ್ತಾಗಿದ್ದು ಸೋಮಾರಿತನದಿಂದ. ಒಂದು ದಿನ ತೆಳು ದ್ರಾವಣಗಳು ತಯಾರಿರಲಿಲ್ಲ, 0.1 ಮಾತ್ರ ಇತ್ತು. ಅಲ್ಲಿಂದ ಶುರುಮಾಡಿ, ಒಂದನ್ನು ಅಳೆಯುವಷ್ಟರಲ್ಲಿ ಅದಕ್ಕಿಂತ ತೆಳುವಾದದ್ದನ್ನು ಬೆರೆಸುತ್ತಾ ಕೆಳಗಿಳಿದೆ. ಸ್ಲೋಪ್ 53. ಗೆರೆ ಮಾತ್ರ ಅಷ್ಟೇ ನೇರ, ಆರ್ ಸ್ಕ್ವೇರ್ ಮತ್ತೆ 0.999. ಮೊದಲು ಹನಿ ಬೆರೆತಿರಬೇಕು ಅಂದುಕೊಂಡು ಇನ್ನೂ ಚೆನ್ನಾಗಿ ತೊಳೆದು ಮತ್ತೆ ಮಾಡಿದೆ. ಮತ್ತೆ 53. ಆಗ ಎಲೆಕ್ಟ್ರೋಡನ್ನು ಒಂದೇ ಬೀಕರಿನಲ್ಲಿ ಬಿಟ್ಟು ಮೀಟರ್ ಮುಂದೆ ಕೂತೆ. ದ್ರಾವಣ ಬದಲಾಗಿಲ್ಲ, ಬಿಸಿ ಬದಲಾಗಿಲ್ಲ. ಆದರೆ ಕೊನೆಯ ಅಂಕಿ ಸುಮ್ನೆ ಮೇಲೆ ಮೇಲೆ ಹೋಗುತ್ತಿದೆ. ಗಂಟೆಗೆ ನಾಲ್ಕೂವರೆ ಮಿಲಿವೋಲ್ಟ್.

ಈಗ ಲೆಕ್ಕ ಹಾಕಿ. ಇಲ್ಲಿ ಸ್ವಲ್ಪ ಉದ್ದ ಎಳೆಯುತ್ತೇನೆ, ಯಾಕೆಂದರೆ ನನ್ನ ಆರು ತಿಂಗಳು ಹೋಗಿದ್ದು ಇದರಲ್ಲೇ. ಐದು ಬೀಕರುಗಳ ನಡುವೆ ನಾಲ್ಕು ಹೆಜ್ಜೆ, ಹೆಜ್ಜೆಗೆ 40 ನಿಮಿಷ, ಒಟ್ಟು 160 ನಿಮಿಷ. ಅಷ್ಟರಲ್ಲಿ ಡ್ರಿಫ್ಟ್, ಅಂದರೆ ರೀಡಿಂಗ್ ತಾನಾಗಿ ಸರಿಯುವುದು, 12 ಮಿಲಿವೋಲ್ಟ್. ಹೆಜ್ಜೆಗೆ 3. ಎಲೆಕ್ಟ್ರೋಡಿನ ನಿಜವಾದ ಸ್ಲೋಪ್ 56. ಏರುವಾಗ ಮೂರು ಸೇರಿ 59, ಇಳಿಯುವಾಗ ಮೂರು ಕಳೆದು 53. ಅಂದರೆ ನಾನು ಗೋಡೆಗೆ ಅಂಟಿಸಿದ್ದ ಆ ಪುಸ್ತಕದ ಅಂಕಿ ಒಂದು ಕೆಟ್ಟ ಎಲೆಕ್ಟ್ರೋಡು ಮತ್ತು ಒಂದು ಡ್ರಿಫ್ಟ್ ಸೇರಿ ಆದದ್ದು.

ಆರ್ ಸ್ಕ್ವೇರ್‌ಗೆ ಇದು ಯಾಕೆ ಕಾಣಲಿಲ್ಲ? ಪ್ರತಿ ಬೀಕರಿಗೆ ಒಂದೇ ಸಮಯ ಕೊಟ್ಟಿದ್ದೆ. ಹಾಗಾಗಿ ಸಮಯವೂ ಸಾರತೆಯ ಲಾಗ್ ಕೂಡ ಒಟ್ಟೊಟ್ಟಿಗೆ ಏರುತ್ತವೆ. ಡ್ರಿಫ್ಟ್ ಸಮಯದ ಜೊತೆ ನೇರ ಗೆರೆ, ಸೆನ್ಸರ್ ಲಾಗ್ ಜೊತೆ ನೇರ ಗೆರೆ. ಎರಡು ನೇರ ಗೆರೆ ಕೂಡಿದರೆ ಇನ್ನೊಂದು ನೇರ ಗೆರೆಯೇ. ಇಬ್ಬರು ಹೆಜ್ಜೆಗೆ ಹೆಜ್ಜೆ ಹಾಕಿ ಒಬ್ಬರ ಹಿಂದೆ ಒಬ್ಬರು ನಡೆದರೆ ಎದುರಿನಿಂದ ಒಬ್ಬರೇ ಕಾಣುತ್ತಾರೆ, ಅಲ್ವಾ? ಮಾಡೆಲ್‌ಗೆ ಡ್ರಿಫ್ಟ್ ಪದ ಸೇರಿಸಿದರೂ ಆ ಡೇಟಾದಿಂದ ಅದನ್ನು ಬಿಡಿಸಲು ಆಗುವುದಿಲ್ಲ. ಸಮಯದ ಕಾಲಂ, ಲಾಗ್ ಕಾಲಂ ಎರಡೂ ಒಂದೇ ಆಗಿರುವಾಗ ಯಾವ ಸಾಫ್ಟ್‌ವೇರ್ ಏನು ಮಾಡೀತು?

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸದ್ಯಕ್ಕೆ ಎರಡೂ ಬೇಡ. ನ್ಯೂರಲ್ ನೆಟ್‌ವರ್ಕ್ ಆ ಡ್ರಿಫ್ಟನ್ನು ನನಗಿಂತ ಚೆನ್ನಾಗಿ ಕಲಿತುಕೊಳ್ಳುತ್ತಿತ್ತು, ಅಷ್ಟೇ. ಫೈನೈಟ್ ಎಲಿಮೆಂಟ್ ಸಿಮ್ಯುಲೇಶನ್ ಒಳ್ಳೆಯದೇ. ಪೊರೆಯೊಳಗೆ ಅಯಾನು ಹೇಗೆ ಹರಡುತ್ತದೆ, ಪೊರೆ ತೆಳುವಾದರೆ ಎಷ್ಟು ಬೇಗ ಉತ್ತರ ಬರುತ್ತದೆ, ಇಂಥದ್ದಕ್ಕೆ ಬೇಕು. ನೀವು ಅದಕ್ಕೆ ಕೊಡದ ಡ್ರಿಫ್ಟನ್ನು ಅದು ತಾನಾಗಿ ಹುಡುಕಿ ತರುವುದಿಲ್ಲ. 24 ಬಿಟ್‌ನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್) ಹಾಕುತ್ತೇನೆ ಅಂದಿದ್ದೀರಿ. ನೈಟ್ರೇಟ್‌ನಂಥ ಒಂದು ಚಾರ್ಜಿನ ಅಯಾನಿಗೆ 1 ಮಿಲಿವೋಲ್ಟ್ ತಪ್ಪು ಅಂದರೆ ಸಾರತೆಯಲ್ಲಿ ಸುಮಾರು 4 ಶೇಕಡಾ ತಪ್ಪು. ಮಿಲಿವೋಲ್ಟುಗಳೇ ಓಡಿಹೋಗುತ್ತಿರುವಾಗ ಮೈಕ್ರೋವೋಲ್ಟ್ ಎಣಿಸಿ ಏನು ಬಂತು? ಆ ಹಣವನ್ನು ಇನ್‌ಪುಟ್ ಕರೆಂಟ್ ಪಿಕೋ ಆಂಪಿಯರ್ ಮಟ್ಟದಲ್ಲಿರುವ ಒಳ್ಳೆ ಆಂಪ್ಲಿಫೈಯರ್‌ಗೆ ಹಾಕಿ. ಪೊರೆಯ ರೋಧ ಮೆಗಾಓಮ್‌ಗಳಲ್ಲಿ ಇರುತ್ತದೆ, ಅದರ ಮೂಲಕ ಸ್ವಲ್ಪ ಕರೆಂಟ್ ಹರಿದರೂ ವೋಲ್ಟೇಜ್ ತಪ್ಪುತ್ತದೆ.

ಮಾಡಬೇಕಾದ್ದು ಬೇರೆ. ದ್ರಾವಣಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ತಮಾಷೆ ಅಲ್ಲ, ನಿಜವಾಗಿ ಚೀಟಿ. ಸಂಖ್ಯಾಶಾಸ್ತ್ರಜ್ಞ ಫಿಶರ್ 1920ರ ದಶಕದಲ್ಲೇ ಹೊಲದ ಪ್ರಯೋಗಗಳಿಗೆ ಇದೇ ಬೇಕು ಅಂತ ವಾದಿಸಿದ್ದ; ಸೆನ್ಸರ್ ಮಾಡುವ ನಮಗೆ ಯಾಕೋ ಇನ್ನೂ ಹತ್ತಿಲ್ಲ. ಹನಿ ಬೆರೆಯುವ ಭಯ ಇದ್ದರೆ ಎರಡು ಸಲ ತೊಳೆಯಿರಿ, ಎರಡನೇ ತೊಳೆತ ಮುಂದಿನ ದ್ರಾವಣದಲ್ಲೇ ಆಗಲಿ, ಅದನ್ನು ಚೆಲ್ಲಿಬಿಡಿ. ಮಧ್ಯದ ಒಂದು ದ್ರಾವಣವನ್ನು ಮೊದಲು, ನಡುವೆ, ಕೊನೆಗೆ ಮೂರು ಸಲ ಅಳೆಯಿರಿ. ಡ್ರಿಫ್ಟ್ ಇದ್ದರೆ ಅಲ್ಲೇ ಕಾಣುತ್ತದೆ. ಪ್ರತಿ ರೀಡಿಂಗಿಗೂ ಗಡಿಯಾರದ ಸಮಯ ಬರೆಯಿರಿ. ಹೀಗೆ ಮಾಡಿದ ಮೇಲೆ ಮಾಡೆಲ್‌ನಲ್ಲಿ ಸಮಯದ ಪದ ಹಾಕಿದರೆ ಅದಕ್ಕೆ ಅರ್ಥ ಬರುತ್ತದೆ.

ಡ್ರಿಫ್ಟ್ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ತಂತಿಗೆ ನೇರವಾಗಿ ಪೊರೆ ಹಚ್ಚುವ ಈ ಪದ್ಧತಿ 1971ರಿಂದ ಇದೆ, ಈ ರೋಗವೂ ಅಷ್ಟೇ ಹಳೆಯದು. ಲೋಹ ಎಲೆಕ್ಟ್ರಾನ್ ಭಾಷೆ ಆಡುತ್ತದೆ, ಪೊರೆ ಅಯಾನ್ ಭಾಷೆ. ನಡುವೆ ಮಾತು ತಿರುಗಿಸುವವರು ಯಾರೂ ಇಲ್ಲ. ಮೇಲಾಗಿ ಪೊರೆ ದಾಟಿ ಬಂದ ನೀರು ಅಲ್ಲಿ ಸಣ್ಣ ಪದರವಾಗಿ ಕೂರುತ್ತದೆ. ನಡುವೆ ವಾಹಕ ಪಾಲಿಮರ್ ಅಥವಾ ಕಾರ್ಬನ್ ಪದರ ಹಾಕಿದರೆ ಬಹಳ ಸುಧಾರಿಸುತ್ತದೆ. ಅಳೆಯುವ ಮೊದಲು ರಾತ್ರಿಯೆಲ್ಲ ನೈಟ್ರೇಟ್ ದ್ರಾವಣದಲ್ಲಿ ನೆನೆಸಿಡಿ. ನನ್ನದು ನೆಂದಿದ್ದು ಬರೀ ಒಂದು ಗಂಟೆ.

ನೈಟ್ರೇಟ್ ಋಣ ಅಯಾನ್, ಆದ್ದರಿಂದ ಸಾರತೆ ಏರಿದಂತೆ ನಿಮಗೆ ವೋಲ್ಟೇಜ್ ಇಳಿಯುತ್ತದೆ, ಲೆಕ್ಕದ ಚಿಹ್ನೆ ತಿರುಗುತ್ತದೆ. ಬಲೆ ಮಾತ್ರ ಅದೇ. ಗ್ಯಾಸ್ ಸೆನ್ಸರ್ ಮಾಡುವವರೂ ಇದರಲ್ಲಿ ಬೀಳುತ್ತಾರೆ: ಸಿಲಿಂಡರಿನ ಒಣ ಗ್ಯಾಸ್ ಹೆಚ್ಚಿಸಿದಷ್ಟೂ ಸೆನ್ಸರ್ ಇಟ್ಟ ಪರೀಕ್ಷಾ ಕೋಣೆಯ ತೇವ ಇಳಿಯುತ್ತದೆ, ಟಿನ್ ಆಕ್ಸೈಡ್ ಸೆನ್ಸರ್ ಎರಡಕ್ಕೂ ಉತ್ತರ ಕೊಡುತ್ತದೆ, ಯಾವುದು ಯಾವುದರದ್ದು ಅಂತ ಗೊತ್ತಾಗುವುದಿಲ್ಲ.

ಹೊಸದೇನನ್ನೂ ಕಲಿಯುವ ಮೊದಲು ನಾಳೆ ಒಂದೇ ಒಂದು ಕೆಲಸ ಮಾಡಿ. ಅದೇ ದ್ರಾವಣಗಳನ್ನು ಉಲ್ಟಾ ಕ್ರಮದಲ್ಲಿ ಅಳೆದು ಎರಡೂ ಸ್ಲೋಪ್ ಇಲ್ಲಿ ಬರೆಯಿರಿ. ಎರಡೂ ಒಂದೇ ಬಂದರೆ ನಾನು ಇಷ್ಟು ಹೊತ್ತು ಹೇಳಿದ್ದು ನಿಮ್ಮ ಸೆನ್ಸರಿಗೆ ಸಂಬಂಧವಿಲ್ಲ. ಆಗ ಸ್ಯಾಂಪಲ್‌ನಲ್ಲಿರುವ ಕ್ಲೋರೈಡ್ ಎಷ್ಟು ಅಂತ ಕೇಳುತ್ತೇನೆ, ನನಗೆ ಸೋಡಿಯಂ ಹೇಗೋ ನೈಟ್ರೇಟ್ ಸೆನ್ಸರಿಗೆ ಅದು ಹಾಗೆ ಅಡ್ಡ ಬರುತ್ತದೆ.