ಓದುಗರ ಪ್ರಶ್ನೆ: ಝೂಮ್ ಮಾಡಿದರೆ ಗ್ರಾಫ್ ಪಕ್ಕಕ್ಕೆ ಓಡುವುದೇಕೆ?

ಪ್ರಶ್ನೆ: ಸಮುದ್ರದ ಭರತ-ಇಳಿತವನ್ನು ನಿಮಿಷಕ್ಕೊಮ್ಮೆ ದಾಖಲಿಸಿದ ಒಂದು ವರ್ಷದ ಫೈಲ್ ಇದೆ. ಪೈಥಾನ್, ಮ್ಯಾಟ್‌ಪ್ಲಾಟ್‌ಲಿಬ್ (ಗ್ರಾಫ್ ಬಿಡಿಸುವ ಲೈಬ್ರರಿ) ಮತ್ತು ಕ್ಯೂಟಿ (ವಿಂಡೋ, ಬಟನ್ ಕಟ್ಟುವ ಲೈಬ್ರರಿ) ಬಳಸಿ ಗ್ರಾಫ್ ತೋರಿಸುವ ಸಾಫ್ಟ್‌ವೇರ್ ಮಾಡಿದ್ದೇನೆ. ಬರೀ ನೀಲಿ ಪಟ್ಟಿ ಕಾಣುತ್ತದೆ. ಸ್ಕ್ರೋಲ್ ವೀಲ್‌ಗೆ ಝೂಮ್ ಕೊಟ್ಟರೆ ನೋಡುತ್ತಿದ್ದ ಜಾಗವೇ ಪಕ್ಕಕ್ಕೆ ಓಡುತ್ತದೆ, ಜೊತೆಗೆ ತುಂಬ ನಿಧಾನ.
– ಓದುಗರು, ಸುರತ್ಕಲ್

ಉತ್ತರ: ಪಟ್ಟಿ ಕಂಡದ್ದು ನಿಮ್ಮ ತಪ್ಪಲ್ಲ. ನಮ್ಮ ಕರಾವಳಿಯಲ್ಲಿ ಒಂದು ಭರತದಿಂದ ಮುಂದಿನದಕ್ಕೆ ಸರಾಸರಿ 12 ಗಂಟೆ 25 ನಿಮಿಷ. ವರ್ಷಕ್ಕೆ ಸುಮಾರು 705. ಗ್ರಾಫ್ 1400 ಪಿಕ್ಸೆಲ್ ಅಗಲವಿದ್ದರೆ ಒಂದು ಏರಿಳಿತದ ಪಾಲಿಗೆ ಎರಡೇ ಪಿಕ್ಸೆಲ್.

ಜಾಗ ಓಡುವುದು ನೀವು ಅಕ್ಷದ ಮಧ್ಯಬಿಂದುವನ್ನು ಹಿಡಿದು ಕುಗ್ಗಿಸುತ್ತಿರುವುದರಿಂದ. ಕರ್ಸರ್ ಕೆಳಗಿನ ಬಿಂದು ಅಲುಗಬಾರದು. ಎರಡೂ ಅಂಚುಗಳಿಗೆ ಒಂದೇ ಸೂತ್ರ: ಹೊಸ ಅಂಚು = ಕರ್ಸರ್ − (ಕರ್ಸರ್ − ಹಳೆ ಅಂಚು) × 0.8. ಪರದೆಯಲ್ಲಿ 100ರಿಂದ 200ನೇ ದಿನ ಇದ್ದು ಕರ್ಸರ್ 180ರ ಮೇಲಿದ್ದರೆ ಹೊಸ ಅಂಚುಗಳು 116 ಮತ್ತು 196. ಮೊದಲು ಅಗಲದ ಶೇ. 80ರಲ್ಲಿದ್ದ ಬಿಂದು ಈಗಲೂ ಅಲ್ಲೇ ಇದೆ. ಹಿಂದಕ್ಕೆ ಬರಲು 0.8ರ ಬದಲು 1.25ರಿಂದ ಗುಣಿಸಿ. 1.2 ಇಟ್ಟರೆ ಒಳಗೆ-ಹೊರಗೆ ಹೋದಾಗಲೆಲ್ಲ ನೋಟ ಶೇ. 4ರಷ್ಟು ಕುಗ್ಗುತ್ತ ಹೋಗುತ್ತದೆ.

ಕರ್ಸರ್ ಗ್ರಾಫಿನ ಚೌಕಟ್ಟಿನ ಹೊರಗಿದ್ದರೆ ಎಕ್ಸ್‌ಡೇಟಾ (ಅಡ್ಡ ಅಕ್ಷದಲ್ಲಿ ಕರ್ಸರ್ ಇರುವ ಬೆಲೆ) ಖಾಲಿ ಬರುತ್ತದೆ, ಅದನ್ನು ಮೊದಲೇ ತಡೆಯಿರಿ. ಮಿತಿ ಬದಲಿಸಿದ ಮೇಲೆ ತಕ್ಷಣ ಬಿಡಿಸುವ ‘ಡ್ರಾ’ ಬೇಡ, ಬಿಡುವಾದಾಗ ಒಮ್ಮೆ ಬಿಡಿಸುವ ‘ಡ್ರಾ ಐಡಲ್’ ಕರೆಯಿರಿ. ವೀಲ್ ಹತ್ತು ಸಲ ತಿರುಗಿದರೂ ಹತ್ತು ಸಲ ಬಿಡಿಸುವ ಪ್ರಮೇಯ ಬರುವುದಿಲ್ಲ. ಟೂಲ್‌ಬಾರ್‌ನ ಹೋಮ್ ಬಟನ್‌ಗೆ ನಿಮ್ಮ ವೀಲ್‌ನ ಸುದ್ದಿಯೇ ಗೊತ್ತಿಲ್ಲ. ಮೊದಲ ಝೂಮ್‌ಗಿಂತ ಮುಂಚೆ ಟೂಲ್‌ಬಾರ್‌ನ ‘ಪುಶ್ ಕರೆಂಟ್’ ಕರೆದು ಪೂರ್ಣ ನೋಟವನ್ನು ಉಳಿಸಿಡಿ. ಇನ್ನೊಂದು ಕಾಟ: ಮ್ಯಾಟ್‌ಪ್ಲಾಟ್‌ಲಿಬ್ ಕಾಲ್‌ಬ್ಯಾಕನ್ನು (ವೀಲ್ ತಿರುಗಿದಾಗ ಓಡುವ ನಿಮ್ಮ ಫಂಕ್ಷನ್) ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಝೂಮ್ ಆಬ್ಜೆಕ್ಟನ್ನು ವಿಂಡೋದ ‘ಸೆಲ್ಫ್’ನಲ್ಲಿ ಇಟ್ಟುಕೊಳ್ಳದಿದ್ದರೆ ಪೈಥಾನ್ ಅದನ್ನು ಗುಡಿಸಿ ಹಾಕುತ್ತದೆ, ಝೂಮ್ ಸುಮ್ಮನೆ ನಿಂತುಹೋಗುತ್ತದೆ, ಎರರ್ ಕೂಡ ಬರುವುದಿಲ್ಲ.

ಇನ್ನು ನಿಧಾನದ ವಿಷಯ. ವರ್ಷಕ್ಕೆ 5,25,600 ಬಿಂದುಗಳು. ಕಾಣುವ ಭಾಗವನ್ನಷ್ಟೇ ನಮ್‌ಪೈ ಎಂಬ ಲೆಕ್ಕದ ಲೈಬ್ರರಿಯ ‘ಸರ್ಚ್‌ಸಾರ್ಟೆಡ್’ನಿಂದ ಕತ್ತರಿಸಿ, ಎರಡೂ ಬದಿಗೆ ಒಂದೊಂದು ಬಿಂದು ಹೆಚ್ಚಿಗೆ ಇಡಿ, ಇಲ್ಲದಿದ್ದರೆ ಗೆರೆ ಅಂಚು ಮುಟ್ಟುವ ಮೊದಲೇ ನಿಲ್ಲುತ್ತದೆ. ಉಳಿದದ್ದರಲ್ಲಿ ಪ್ರತಿ ಪಿಕ್ಸೆಲ್ ಕಾಲಂಗೆ ಕನಿಷ್ಠ ಮತ್ತು ಗರಿಷ್ಠ ಬೆಲೆ ಸಾಕು. ಪ್ರತಿ ನೂರರಲ್ಲಿ ಒಂದು ಬಿಂದು ಎಂದು ಆರಿಸುವವರಿದ್ದಾರೆ. ದಯವಿಟ್ಟು ಬೇಡ, ಮಳೆಗಾಲದ ಗಾಳಿಗೆ ಐದು ನಿಮಿಷ ಎದ್ದ ಏರಿಕೆ ಹಾಗೆ ಮಾಡಿದರೆ ಮಾಯ. ಇಷ್ಟೆಲ್ಲ ಬರೆಯಲು ಪುರುಸೊತ್ತಿಲ್ಲದಿದ್ದರೆ ಪೈಕ್ಯೂಟಿಗ್ರಾಫ್ ಎಂಬ ಇನ್ನೊಂದು ಗ್ರಾಫ್ ಲೈಬ್ರರಿಗೆ ಹೋಗಿ. ಅದರಲ್ಲಿ ಡೌನ್‌ಸ್ಯಾಂಪ್ಲಿಂಗ್ (ಬಿಂದು ಕಡಿಮೆ ಮಾಡುವುದು) ಆಟೋ, ಮೋಡ್ ಪೀಕ್ (ಕನಿಷ್ಠ-ಗರಿಷ್ಠ ಉಳಿಸುವುದು), ‘ಕ್ಲಿಪ್ ಟು ವ್ಯೂ’ (ಕಾಣುವಷ್ಟನ್ನೇ ಬಿಡಿಸುವುದು) ಆನ್ ಇಡಿ. ನಿಮ್ಮಂಥ ಫೈಲ್‌ಗೆ ನನ್ನ ಆಯ್ಕೆ ಅದೇ.

ತುಂಬ ಒಳಗೆ ಹೋದಾಗ ಗೆರೆ ಮೆಟ್ಟಿಲಾದರೆ ಸಮಯದ ಕಾಲಂ ನೋಡಿ. 1970ರಿಂದ ಎಣಿಸಿದ ಸೆಕೆಂಡುಗಳನ್ನು 32 ಬಿಟ್ ಫ್ಲೋಟ್‌ನಲ್ಲಿ ಇಟ್ಟರೆ ಈಗಿನ ದಿನಾಂಕಗಳಿಗೆ ಅದು 128 ಸೆಕೆಂಡಿಗಿಂತ ಸೂಕ್ಷ್ಮವಾಗಿ ಹೇಳಲಾರದು; ನಿಮಿಷದ ಬಿಂದುಗಳು ಎರಡೆರಡು ಒಂದರ ಮೇಲೊಂದು ಕೂರುತ್ತವೆ. 64 ಬಿಟ್ ಇಡಿ.

ಪ್ರಶ್ನೆ: ಸ್ವರ್ಣಾ ನದಿಯ ಮಟ್ಟ ಎಡ ಅಕ್ಷದಲ್ಲಿ, ಮಳೆ ಬಲ ಅಕ್ಷದಲ್ಲಿ. ಝೂಮ್ ಮಾಡಿದರೆ ಮಳೆ ಮಾತ್ರ ಹಿಗ್ಗುತ್ತದೆ. ಲಾಗ್ ಅಕ್ಷ (ಪ್ರತಿ ಹತ್ತು ಪಟ್ಟಿಗೆ ಸಮಾನ ದೂರ) ಇಟ್ಟರೆ ಝೂಮ್‌ನಿಂದ ಹೊರಬರುವಾಗ ಎಚ್ಚರಿಕೆ ಸಂದೇಶ.
– ಓದುಗರು, ಉಡುಪಿ

ಉತ್ತರ: ಬಲಕ್ಕೆ ಇನ್ನೊಂದು ಲಂಬ ಅಕ್ಷ ಕೊಡುವ ‘ಟ್ವಿನ್ ಎಕ್ಸ್’ನಲ್ಲಿ ಎರಡು ಅಕ್ಷಗಳು ಒಂದರ ಮೇಲೊಂದಿರುತ್ತವೆ, ವೀಲ್‌ನ ಈವೆಂಟ್ (ವೀಲ್ ತಿರುಗಿದ ಸುದ್ದಿ) ಮೇಲಿನದಕ್ಕೇ ಹೋಗುತ್ತದೆ. ಸಮಯದ ಅಕ್ಷ ಹಂಚಿಕೊಂಡದ್ದರಿಂದ ಅದಕ್ಕೆ ತೊಂದರೆಯಿಲ್ಲ. ಲಂಬ ಅಕ್ಷಕ್ಕೆ ಮಾತ್ರ ಕರ್ಸರಿನ ಪಿಕ್ಸೆಲ್ ಸ್ಥಾನವನ್ನು ಎರಡೂ ಅಕ್ಷಗಳಲ್ಲಿ ಬೇರೆ ಬೇರೆಯಾಗಿ ಬೆಲೆಗೆ ತಿರುಗಿಸಿ ಸೂತ್ರ ಹಾಕಬೇಕು. ಬರೀ ವೀಲ್‌ಗೆ ಸಮಯ, ಕಂಟ್ರೋಲ್ ಒತ್ತಿ ತಿರುಗಿಸಿದರೆ ಲಂಬ ಅಕ್ಷ ಎಂದಿಟ್ಟರೆ ಬಳಸುವವರಿಗೆ ನೆಮ್ಮದಿ. ಮಳೆಯನ್ನು ಮೇಲಿನಿಂದ ಕೆಳಕ್ಕೆ ತೋರಿಸುತ್ತಿದ್ದರೆ ಮಿತಿಗಳನ್ನು ಸಾರ್ಟ್ ಮಾಡಬೇಡಿ, ಅಕ್ಷ ಮಗುಚಿಕೊಳ್ಳುತ್ತದೆ.

ಲಾಗ್ ಅಕ್ಷದಲ್ಲಿ ಅಂಚು, ಕರ್ಸರ್ ಎಲ್ಲದರ ಲಾಗ್ ತೆಗೆದು ಸೂತ್ರ ಹಾಕಿ, ಉತ್ತರವನ್ನು ಮತ್ತೆ ಮೂಲ ಬೆಲೆಗೆ ತನ್ನಿ. ನೇರವಾಗಿ ಹಾಕಿದರೆ ಕೆಳ ಅಂಚು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಮ್ಯಾಟ್‌ಪ್ಲಾಟ್‌ಲಿಬ್ ಆ ಮಿತಿಯನ್ನು ಒಪ್ಪುವುದಿಲ್ಲ.

ಪ್ರಶ್ನೆ: ಮೌಸ್‌ನಲ್ಲಿ ಸರಿಯಿರುವ ಝೂಮ್ ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಎಲ್ಲೋ ಹಾರಿಬಿಡುತ್ತದೆ.
– ಓದುಗರು, ಮಂಗಳೂರು

ಉತ್ತರ: ಮೌಸ್‌ನಲ್ಲಿ ಈವೆಂಟಿನ ‘ಸ್ಟೆಪ್’ (ಎಷ್ಟು ತಿರುಗಿತೆಂಬ ಲೆಕ್ಕ) 1 ಅಥವಾ −1. ಕ್ಯೂಟಿಯಲ್ಲಿ ಕೆಲವು ಟಚ್‌ಪ್ಯಾಡ್‌ಗಳು ಅದನ್ನು ಪಿಕ್ಸೆಲ್ ಲೆಕ್ಕದಲ್ಲಿ ಕೊಡುತ್ತವೆ, 30 ಕೂಡ ಬರಬಹುದು. 0.8ರ ಘಾತವಾಗಿ ಸ್ಟೆಪ್ ಬಳಸುತ್ತಿದ್ದರೆ ಅದನ್ನು ಮೊದಲು −1 ಮತ್ತು 1ರ ನಡುವೆ ಕಟ್ಟಿಹಾಕಿ.